ತಪ್ಪಿಹೋದ 66 ಮೀಟರ್ ಎಲ್ಲಿದೆ?

ಪ್ರಶ್ನೆ: ಸರ್, ನಾವು ಬಸವನಗುಡಿಯ ಮೂವರು ಎರಡನೇ ಪಿಯುಸಿ ವಿದ್ಯಾರ್ಥಿಗಳು. ಕೋಟೆ ಮುರಿಯುವ ಹಳೆಯ ಯಂತ್ರಗಳ ಭೌತಶಾಸ್ತ್ರ ಮತ್ತು ಇತಿಹಾಸದ ಬಗ್ಗೆ ಸಂಶೋಧನಾ ಪ್ರಾಜೆಕ್ಟ್ ಮಾಡುತ್ತಿದ್ದೇವೆ. ಒಂದು ಸಣ್ಣ ಟ್ರೆಬುಷೆ, ಅಂದರೆ ಒಂದು ತುದಿಯ ಭಾರ ಬಿದ್ದಾಗ ಇನ್ನೊಂದು ತುದಿ ಮೇಲೆದ್ದು ಕಲ್ಲು ಎಸೆಯುವ ಯಂತ್ರ, ಕಟ್ಟಿದ್ದೇವೆ. ದಿಮ್ಮಿ ಸಿಲ್ವರ್ ಓಕ್ ಮರದ್ದು, 4 ಸೆಂ.ಮೀ. ಚೌಕದ ಪಟ್ಟಿ, 1.25 ಮೀಟರ್ ಉದ್ದ, ತೂಕ 1.2 ಕೆಜಿ. ದಿಮ್ಮಿ ತಿರುಗುವ ಅಚ್ಚಿನ ಒಂದು ಕಡೆ 1 ಮೀಟರ್, ಇನ್ನೊಂದು ಕಡೆ 25 ಸೆಂ.ಮೀ. ಗಿಡ್ಡ ತುದಿಗೆ ಮರಳು ತುಂಬಿದ 8 ಕೆಜಿ ಪೇಂಟ್ ಡಬ್ಬವನ್ನು ಬೋಲ್ಟ್ ಹಾಕಿ ಬಿಗಿದಿದ್ದೇವೆ. ಉದ್ದ ತುದಿಗೆ ಹಗ್ಗದ ಜೋಲಿ, ಅದರಲ್ಲಿ 80 ಗ್ರಾಂ ರಬ್ಬರ್ ಚೆಂಡು. ಲೆಕ್ಕದ ಪ್ರಕಾರ ಚೆಂಡು 85 ಮೀಟರ್ ಹೋಗಬೇಕು. ಹೋಗುತ್ತಿರುವುದು 19 ಮೀಟರ್. ಬೆಂಗಳೂರು ಎತ್ತರದಲ್ಲಿರುವುದರಿಂದ ಇಲ್ಲಿ ಗುರುತ್ವ ಕಡಿಮೆ, ಅದು ಕಾರಣವಾ? ಇನ್ನೊಂದು ಪ್ರಶ್ನೆ. ಇತಿಹಾಸದ ಭಾಗಕ್ಕೆ ನಮಗೆ ಸಿಕ್ಕಿದ್ದೆಲ್ಲ ಯುರೋಪಿನ ಕಥೆ. ನಮ್ಮ ಕಡೆಯದು ಏನಾದರೂ ಇದೆಯಾ? ವಿಡಿಯೊ ಕಳಿಸಿದ್ದೇವೆ.

ಉತ್ತರ: ವಿಡಿಯೊ ನಾಲ್ಕು ಸಲ ನೋಡಿದೆ. ಯಂತ್ರ ಚೆನ್ನಾಗಿ ಕಟ್ಟಿದ್ದೀರಿ. ಚೌಕಟ್ಟು ಅಲುಗಾಡುತ್ತಿಲ್ಲ, ಅದೇ ಅರ್ಧ ಕೆಲಸ. ನಿಮ್ಮ 85 ಮೀಟರ್ ಲೆಕ್ಕವೂ ಸರಿ ಇದೆ, 19 ಮೀಟರ್ ಅಳತೆಯೂ ಸರಿ ಇದೆ. ನಡುವಿನ 66 ಮೀಟರ್ ಎಲ್ಲಿ ಹೋಯಿತು ಎಂದು ಹುಡುಕುವುದೇ ನಿಮ್ಮ ಸಂಶೋಧನೆ. "ನಮ್ಮ ಯಂತ್ರ ಇಷ್ಟು ದೂರ ಎಸೆಯಿತು" ಎಂದು ಬರೆದರೆ ಅದು ಬರೀ ಮಾದರಿ. "ಇಷ್ಟು ಶಕ್ತಿ ಇಲ್ಲಿಂದ ಬಂತು, ಇಷ್ಟಿಷ್ಟು ಇಲ್ಲಿಲ್ಲಿಗೆ ಹೋಯಿತು" ಎಂದು ಬರೆದರೆ ಅದು ಭೌತಶಾಸ್ತ್ರ.

ಮೊದಲು ಗುರುತ್ವದ ಅನುಮಾನ ಬಗೆಹರಿಸೋಣ. ಬೆಂಗಳೂರಿನಲ್ಲಿ ಗುರುತ್ವ ವೇಗೋತ್ಕರ್ಷ ಸುಮಾರು 9.78. ಪುಸ್ತಕದ 9.8ಕ್ಕೂ ಇದಕ್ಕೂ ಇರುವ ವ್ಯತ್ಯಾಸ ಕೂದಲೆಳೆಯಷ್ಟು. ಅದಕ್ಕಿಂತ ಮುಖ್ಯವಾದ ವಿಷಯ ಬೇರೆ ಇದೆ. ನಿಮ್ಮ 85 ಮೀಟರ್ ಹೇಗೆ ಬಂತು ಎಂದು ಒಮ್ಮೆ ನೋಡಿ. ಡಬ್ಬ ಬೀಳುವಾಗ ಕಳೆದುಕೊಳ್ಳುವ ಶಕ್ತಿಯೆಲ್ಲ ಚೆಂಡಿನ ಚಲನಶಕ್ತಿ ಆಯಿತು, ಚೆಂಡು 45 ಡಿಗ್ರಿಯಲ್ಲಿ ಹೊರಟಿತು ಎಂದು ಹಿಡಿದಿದ್ದೀರಿ. ಆಗ ದೂರ ಎಂದರೆ, ಡಬ್ಬ ಚೆಂಡಿಗಿಂತ ಎಷ್ಟು ಪಟ್ಟು ಭಾರವೋ ಅದನ್ನು ಡಬ್ಬ ಇಳಿದ ಎತ್ತರದಿಂದ ಗುಣಿಸಿ, ಎರಡರಿಂದ ಗುಣಿಸಬೇಕು. ನಿಮ್ಮ ಡಬ್ಬ ಚೆಂಡಿನ 100 ಪಟ್ಟು. ಉದ್ದ ತೋಳು 45 ಡಿಗ್ರಿ ಕೆಳಗೆ ಬಾಗಿದಾಗ ಶುರುವಾಗಿ, ದಿಮ್ಮಿ ನೆಟ್ಟಗೆ ನಿಲ್ಲುವ ಹೊತ್ತಿಗೆ ಡಬ್ಬ ಸುಮಾರು 43 ಸೆಂ.ಮೀ. ಇಳಿದಿರುತ್ತದೆ. ಅಲ್ಲಿಗೆ 85 ಮೀಟರ್ ಬಂತು. ಈ ಸೂತ್ರದಲ್ಲಿ ಗುರುತ್ವ ಎಲ್ಲಿದೆ? ಇಲ್ಲವೇ ಇಲ್ಲ! ಡಬ್ಬವನ್ನು ಎಳೆಯುವುದೂ ಅದೇ, ಚೆಂಡನ್ನು ನೆಲಕ್ಕೆ ಇಳಿಸುವುದೂ ಅದೇ. ಮೇಲೆ ಕೆಳಗೆ ಹೊಡೆದುಹೋಗುತ್ತದೆ. ಗಾಳಿ ಇಲ್ಲದ ಚಂದ್ರನ ಮೇಲೆ ಇಟ್ಟರೂ ಸೂತ್ರ ಅದೇ 85 ಮೀಟರ್ ಹೇಳುತ್ತದೆ. ನಿಮ್ಮ ವರದಿಯಲ್ಲಿ ಇದನ್ನು ಮರೆಯದೆ ಬರೆಯಿರಿ. ಬಿಲ್ಲಿಗೂ ತೋಪಿಗೂ ಈ ಗುಣ ಇಲ್ಲ.

ಗಾಳಿಯ ತಡೆಯೂ ಕಾರಣ ಅಲ್ಲ. ಈ ವೇಗದಲ್ಲಿ ಈ ಗಾತ್ರದ ಚೆಂಡಿಗೆ ಅದು ಒಂದು ಮೀಟರ್ ಆಚೀಚೆ ಮಾಡಬಹುದು, ಅಷ್ಟೇ.

ಹಾಗಾದರೆ ಕಳ್ಳ ಯಾರು? ಮನೆಯ ಜಮಾ ಖರ್ಚು ಬರೆದ ಹಾಗೆ ಬರೆಯೋಣ.

ಜಮಾ ಒಂದೇ. ಡಬ್ಬ 8 ಕೆಜಿ, ಇಳಿದದ್ದು 43 ಸೆಂ.ಮೀ. ಒಟ್ಟು ಸುಮಾರು 33 ಜೂಲ್.

ಮೊದಲ ಖರ್ಚು ಚೆಂಡು. ಅದು ನೆಲದಿಂದ ಸುಮಾರು 2 ಮೀಟರ್ ಎತ್ತರದಲ್ಲಿ ಜೋಲಿಯಿಂದ ಬಿಡುತ್ತಿದೆ. ಅದನ್ನು ಲೆಕ್ಕಕ್ಕೆ ತೆಗೆದುಕೊಂಡರೆ, 19 ಮೀಟರ್ ಹೋಗಲು ಸೆಕೆಂಡಿಗೆ 13 ಮೀಟರ್ ವೇಗ ಬೇಕು. ಅಂದರೆ 7 ಜೂಲ್‌ಗಿಂತ ಸ್ವಲ್ಪ ಕಡಿಮೆ. ಚೆಂಡನ್ನು ಆ ಎತ್ತರಕ್ಕೆ ಎತ್ತಲು ಇನ್ನೊಂದೂವರೆ ಜೂಲ್. ಇದು ನ್ಯಾಯವಾದ ಖರ್ಚು. ನಾವು ಯಂತ್ರ ಕಟ್ಟಿದ್ದೇ ಇದಕ್ಕೆ.

ಎರಡನೇ ಖರ್ಚನ್ನು ಯಾರೂ ಗಮನಿಸುವುದಿಲ್ಲ. ಅದು ನಿಮ್ಮ ದಿಮ್ಮಿ. ಅದರ ಭಾರದ ನಡುಬಿಂದು ಅಚ್ಚಿನ ಮೇಲೆ ಇಲ್ಲ. ಅಚ್ಚಿನಿಂದ ಮೂವತ್ತೇಳೂವರೆ ಸೆಂ.ಮೀ. ದೂರದಲ್ಲಿ, ಉದ್ದ ತೋಳಿನ ಕಡೆ ಇದೆ. ಡಬ್ಬ ಇಳಿಯುವಾಗ ಆ 1.2 ಕೆಜಿ ಮರವನ್ನು 64 ಸೆಂ.ಮೀ. ಮೇಲಕ್ಕೆ ಎತ್ತಲೇಬೇಕು. ಸುಮಾರು ಏಳೂವರೆ ಜೂಲ್! ನೋಡಿದಿರಾ? ಚೆಂಡಿಗೆ ಸಿಕ್ಕ ವೇಗಕ್ಕಿಂತ ಜಾಸ್ತಿ ಖರ್ಚು ಬರೀ ಮರ ಎತ್ತುವುದಕ್ಕೆ ಆಗಿದೆ.

ಮೂರನೆಯದು ಎಲ್ಲಕ್ಕಿಂತ ದೊಡ್ಡದು. ವಿಡಿಯೊದಲ್ಲಿ ಚೆಂಡು ಬಿಡುವ ಕ್ಷಣದಲ್ಲಿ ನಿಲ್ಲಿಸಿ, ಅಲ್ಲಿಂದ ಒಂದೊಂದೇ ಫ್ರೇಮ್ ಮುಂದೆ ಹೋಗಿ. ದಿಮ್ಮಿಯ ತುದಿ ಆಗಲೂ ಸೆಕೆಂಡಿಗೆ ಸುಮಾರು 6 ಮೀಟರ್ ವೇಗದಲ್ಲಿ ತಿರುಗುತ್ತಿದೆ. ಹಾಗಿದ್ದರೆ ಡಬ್ಬ ಅದರ ಕಾಲು ಭಾಗ, ಒಂದೂವರೆ ಮೀಟರ್ ವೇಗದಲ್ಲಿ ಓಡುತ್ತಿದೆ. ಲೆಕ್ಕ ಹಾಕಿ. ತಿರುಗುವ ದಿಮ್ಮಿಯಲ್ಲಿ ಸುಮಾರು 6 ಜೂಲ್, ಓಡುವ ಡಬ್ಬದಲ್ಲಿ 9 ಜೂಲ್. ಚೆಂಡು ಹೋದ ಮೇಲೂ ಡಬ್ಬ ತೂಗಾಡುತ್ತಾ ಇರುತ್ತದಲ್ವಾ, ಆ ತೂಗಾಟವೆಲ್ಲ ಚೆಂಡಿಗೆ ಸೇರಬೇಕಾಗಿದ್ದ ಶಕ್ತಿ.

ಉಳಿದ ಎರಡು, ಎರಡೂವರೆ ಜೂಲ್ ಅಚ್ಚಿನ ಉಜ್ಜಾಟಕ್ಕೂ ಹಗ್ಗ ನೆಲದ ಮೇಲೆ ಎಳೆಯುವುದಕ್ಕೂ. ಆದ್ದರಿಂದ ಮೊದಲು ಎಸ್.ಪಿ. ರೋಡಿಗೆ ಓಡಿಹೋಗಿ ಬೇರಿಂಗ್ ಕೊಳ್ಳಬೇಡಿ. ಎಲ್ಲರೂ ಮೊದಲು ಮಾಡುವುದು ಅದನ್ನೇ. ಅಲ್ಲಿ ಉಳಿತಾಯ ಕಡಿಮೆ.

ಒಳ್ಳೆಯ ಟ್ರೆಬುಷೆಯ ಗುಟ್ಟು ಇಷ್ಟು: ಚೆಂಡು ಬಿಡುವ ಕ್ಷಣದಲ್ಲಿ ಡಬ್ಬವೂ ದಿಮ್ಮಿಯೂ ಹೆಚ್ಚುಕಡಿಮೆ ನಿಂತುಬಿಡಬೇಕು. ತಮ್ಮದೆಲ್ಲವನ್ನೂ ಚೆಂಡಿಗೆ ಕೊಟ್ಟು ಕೈ ಖಾಲಿ ಮಾಡಿಕೊಂಡು ನಿಲ್ಲಬೇಕು. ಇದಕ್ಕೆ ಮೂರು ಬದಲಾವಣೆ ಮಾಡಿ ನೋಡಿ. ಆದರೆ ಒಂದೇ ಸಲಕ್ಕೆ ಮೂರನ್ನೂ ಮಾಡಬೇಡಿ. ಯಾವುದರಿಂದ ಏನಾಯಿತು ಎಂದು ಆಮೇಲೆ ಗೊತ್ತಾಗುವುದಿಲ್ಲ.

ಬೋಲ್ಟ್ ಬಿಚ್ಚಿ. ಡಬ್ಬವನ್ನು ಒಂದು ಕೀಲಿನಿಂದ ತೂಗುಬಿಡಿ. ಬಿಗಿದ ಡಬ್ಬ ವೃತ್ತದಲ್ಲಿ ಸುತ್ತಬೇಕು. ತೂಗುವ ಡಬ್ಬ ಹೆಚ್ಚುಕಡಿಮೆ ನೇರ ಕೆಳಗೆ ಬೀಳುತ್ತದೆ, ಕೊನೆಯಲ್ಲಿ ತಾನಾಗಿ ನಿಧಾನವಾಗುತ್ತದೆ.

ದಿಮ್ಮಿಯನ್ನು ಬಡಗಿ ಹತ್ತಿರ ಕೊಟ್ಟು ತುದಿಯ ಕಡೆ ಸಣ್ಣಗೆ ಕೆತ್ತಿಸಿ. ಅಚ್ಚಿನ ಹತ್ತಿರ 4 ಸೆಂ.ಮೀ. ಹಾಗೇ ಇರಲಿ, ಅಲ್ಲಿ ಬಲ ಬೇಕು. ತುದಿಗೆ 2 ಸೆಂ.ಮೀ. ಸಾಕು. ದಿಮ್ಮಿ 800 ಗ್ರಾಂಗೆ ಇಳಿದು, ಭಾರದ ನಡುಬಿಂದು ಅಚ್ಚಿನಿಂದ 25 ಸೆಂ.ಮೀ.ಗೆ ಬಂದರೆ, ಮರ ಎತ್ತುವ ಖರ್ಚು ಏಳೂವರೆಯಿಂದ ಮೂರು ಜೂಲ್ ಚಿಲ್ಲರೆಗೆ ಇಳಿಯುತ್ತದೆ. ತಿರುಗುವ ಖರ್ಚೂ ಇಳಿಯುತ್ತದೆ.

ಮೂರನೆಯದು ಜೋಲಿ. ನಿಮ್ಮ ಜೋಲಿ ಗಿಡ್ಡವಾಯಿತು. ಉದ್ದ ತೋಳಿನ ಹತ್ತಿರ ಹತ್ತಿರದ ಅಳತೆಯಿಂದ ಶುರು ಮಾಡಿ, ಐದೈದು ಸೆಂ.ಮೀ. ಬದಲಿಸುತ್ತಾ ಹೋಗಿ. ಜೋಲಿಯ ಕುಣಿಕೆ ಸಿಕ್ಕಿಸುವ ತುದಿಯ ಮೊಳೆ ಎಷ್ಟು ಬಾಗಿದೆ ಅನ್ನುವುದು ಚೆಂಡು ಯಾವಾಗ ಬಿಡುತ್ತದೆ ಅನ್ನುವುದನ್ನು ತೀರ್ಮಾನಿಸುತ್ತದೆ. ಚೆಂಡು ಆಕಾಶಕ್ಕೆ ಹೋಗುತ್ತಿದ್ದರೆ ಬೇಗ ಬಿಡುತ್ತಿದೆ ಎಂದರ್ಥ, ಮೊಳೆಯನ್ನು ಇನ್ನಷ್ಟು ಬಾಗಿಸಿ. ಮುಂದೆಯೇ ನೆಲಕ್ಕೆ ಬಡಿಯುತ್ತಿದ್ದರೆ ತಡವಾಗಿ ಬಿಡುತ್ತಿದೆ, ಮೊಳೆಯನ್ನು ನೇರ ಮಾಡಿ. ಇಕ್ಕಳ ಕೈಯಲ್ಲೇ ಇರಲಿ. ಅರ್ಧ ಮಧ್ಯಾಹ್ನ ಇದರಲ್ಲೇ ಹೋಗುತ್ತದೆ, ಬೇಸರ ಮಾಡಿಕೊಳ್ಳಬೇಡಿ.

ಪ್ರತಿ ಬದಲಾವಣೆಗೂ ಹತ್ತು ಸಲ ಎಸೆಯಿರಿ. ಸರಾಸರಿಯ ಜೊತೆಗೆ ಅತಿ ಹತ್ತಿರ, ಅತಿ ದೂರ ಬಿದ್ದದ್ದನ್ನೂ ಬರೆಯಿರಿ. ಚೆನ್ನಾಗಿ ಹೋದ ಒಂದನ್ನು ಮಾತ್ರ ಆರಿಸಿಕೊಂಡು ಬರೆಯುವುದು ಮೋಸ. ಫೋನಿನಲ್ಲಿ ಸ್ಲೋ ಮೋಷನ್ ಇದ್ದರೆ ಸೆಕೆಂಡಿಗೆ 240 ಫ್ರೇಮ್ ಇಟ್ಟುಕೊಳ್ಳಿ. ಟ್ರ್ಯಾಕರ್ ಎಂಬ ಉಚಿತ ಸಾಫ್ಟ್‌ವೇರ್ ಇದೆ, ಅದರಲ್ಲಿ ಫ್ರೇಮ್ ಫ್ರೇಮಿಗೂ ಚುಕ್ಕಿ ಇಟ್ಟು ವೇಗ ತೆಗೆಯಬಹುದು.

ಒಂದು ಗ್ರಾಫ್ ಮಾತ್ರ ಖಂಡಿತ ಹಾಕಿ. ಡಬ್ಬದ ತೂಕ 4, 6, 8, 10 ಕೆಜಿ ಮಾಡಿ ದೂರ ಅಳೆಯಿರಿ. ಸೂತ್ರದ ಗೆರೆ ಸೊನ್ನೆಯಿಂದ ಹೊರಡುತ್ತದೆ. ನಿಮ್ಮ ಗೆರೆ ಸೊನ್ನೆಯಿಂದ ಹೊರಡುವುದಿಲ್ಲ, 2 ಕೆಜಿ ಆಸುಪಾಸಿನಿಂದ ಹೊರಡುತ್ತದೆ. ಯಾಕೆ? ಡಬ್ಬ 1.8 ಕೆಜಿಗಿಂತ ಕಡಿಮೆ ಇದ್ದರೆ ದಿಮ್ಮಿಯ ತೂಕವೇ ಅದನ್ನು ಗೆಲ್ಲುತ್ತದೆ, ತೋಳು ಏಳುವುದೇ ಇಲ್ಲ. ಚೆಂಡಿನ ಭಾರ ಸೇರಿದರೆ ಸುಮಾರು 2 ಕೆಜಿ. ಮೊದಲು ಕೈಲೆಕ್ಕದಲ್ಲಿ ಈ ಸಂಖ್ಯೆ ಹೇಳಿ, ಆಮೇಲೆ ಗ್ರಾಫಿನಲ್ಲಿ ಅದನ್ನೇ ತೋರಿಸಿ. ಪರೀಕ್ಷಕರು ಅಲ್ಲಿ ನಿಂತು ನೋಡುತ್ತಾರೆ.

ಇನ್ನು ಎರಡನೇ ಪ್ರಶ್ನೆ. ನಮ್ಮ ಕಡೆಯದು ಏನಾದರೂ ಇದೆಯಾ ಅಂತ ಕೇಳಿದಿರಿ. ಈ ಪ್ರಶ್ನೆ ಓದಿ ನನಗೆ ತುಂಬಾ ಖುಷಿ ಆಯಿತು.

ನನ್ನ ಅಜ್ಜನ ತೋಟ ಮಾಗಡಿ ಕಡೆ. ಬಾವಿಯ ಪಕ್ಕ ಏತ ಇತ್ತು. ನೆಟ್ಟ ಕಂಬದ ಮೇಲೆ ಒಂದು ಉದ್ದ ಮರ, ಅದರ ಬಾವಿ ಕಡೆಯ ತುದಿಯಿಂದ ಬಿದಿರು ಗಳ, ಗಳಕ್ಕೆ ಬಾನಿ. ಇಬ್ಬರು ಆಳುಗಳು ಆ ಮರದ ಮೇಲೆ ನಡೆಯುತ್ತಿದ್ದರು. ಬಾವಿ ಕಡೆ ನಡೆದರೆ ಬಾನಿ ನೀರಿಗೆ ಇಳಿಯುತ್ತಿತ್ತು. ಹಿಂದಕ್ಕೆ ನಡೆದರೆ ಅವರ ಮೈಭಾರಕ್ಕೆ ತುಂಬಿದ ಬಾನಿ ಮೇಲೆ ಬರುತ್ತಿತ್ತು. ಮೂರನೆಯವನು ಕೆಳಗೆ ನಿಂತು ನೀರು ಕಾಲುವೆಗೆ ಸುರಿಯುತ್ತಿದ್ದ. ಅದೇ ಊರಿನಲ್ಲಿ ಜೋಳ ಕಾಯುವ ಹುಡುಗರು ಅಟ್ಟಣೆ ಮೇಲೆ ನಿಂತು ಕವಣೆ ಬೀಸಿ ಹಕ್ಕಿ ಓಡಿಸುತ್ತಿದ್ದರು. ತಲೆಯ ಮೇಲೆ ಒಂದು ಸುತ್ತು, ಆಮೇಲೆ ಹಗ್ಗದ ಒಂದು ತುದಿ ಬಿಟ್ಟರೆ ಕಲ್ಲು ಹೋಗಿಬಿಡುತ್ತಿತ್ತು.

ಏತದ ತುದಿಗೆ ಕವಣೆ ಕಟ್ಟಿದರೆ ಟ್ರೆಬುಷೆ. ಬೇರೇನೂ ಅಲ್ಲ. ನಿಮ್ಮ ಡಬ್ಬದ ಜಾಗದಲ್ಲಿ ಆಳುಗಳ ಮೈಭಾರ, ನಿಮ್ಮ ಜೋಲಿಯ ಜಾಗದಲ್ಲಿ ಹುಡುಗರ ಕವಣೆ. ಹುಡುಗನ ಕೈ ಯಾವ ಕ್ಷಣದಲ್ಲಿ ಹಗ್ಗ ಬಿಡಬೇಕೆಂದು ತಿಳಿದಿತ್ತೋ, ನಿಮ್ಮ ಬಾಗಿದ ಮೊಳೆ ಅದೇ ಕೆಲಸ ಮಾಡುತ್ತಿದೆ. ರಬ್ಬರಿನ ಕ್ಯಾಟರ್‌ಬಿಲ್ಲಿನ ಸಂಬಂಧಿ ಇದಲ್ಲ. ಆ ಕುಟುಂಬವೇ ಬೇರೆ. ಗ್ರೀಕರು ಮತ್ತು ರೋಮನ್ನರು ಪ್ರಾಣಿಗಳ ನರ ಅಥವಾ ಕೂದಲಿನ ಹಗ್ಗವನ್ನು ಹುರಿಗೊಳಿಸಿ ಅದರ ಸೆಟೆತದಿಂದ ಕಲ್ಲು ಎಸೆಯುತ್ತಿದ್ದರು. ಕ್ರಿ.ಪೂ. 3ನೇ ಶತಮಾನದ ಗ್ರೀಕ್ ಯಂತ್ರತಜ್ಞ ಫಿಲೋ ಅದಕ್ಕೆ ಒಂದು ಸೂತ್ರ ಬರೆದಿಟ್ಟಿದ್ದಾನೆ. ಕಲ್ಲಿನ ತೂಕದ ಘನಮೂಲದ ಲೆಕ್ಕದಲ್ಲಿ ಹಗ್ಗದ ಸುರುಳಿಯ ವ್ಯಾಸ ಇರಬೇಕು ಎಂದು. ಕಲ್ಲು 8 ಪಟ್ಟು ಭಾರವಾದರೆ ವ್ಯಾಸ 2 ಪಟ್ಟು ಸಾಕು. ಯಂತ್ರದ ಅಳತೆಯನ್ನು ಗಣಿತದಿಂದ ನಿರ್ಧರಿಸಿದ ಬಹಳ ಹಳೆಯ ಉದಾಹರಣೆ ಇದು. ವರದಿಯಲ್ಲಿ ಒಂದು ಪುಟ ಕೊಡಿ, ಜಾಸ್ತಿ ಬೇಡ.

ಏತದ ಜಾತಿಯ ಯಂತ್ರ ಮೊದಲು ಕಾಣುವುದು ಚೀನಾದಲ್ಲಿ. ಅಲ್ಲಿ ಭಾರದ ಡಬ್ಬ ಇರಲಿಲ್ಲ. ಗಿಡ್ಡ ತುದಿಗೆ ಹಗ್ಗಗಳನ್ನು ಕಟ್ಟಿ ಜನ ಒಟ್ಟಿಗೆ ಎಳೆಯುತ್ತಿದ್ದರು. ಅದು ಪಶ್ಚಿಮಕ್ಕೆ ಹೋಯಿತು, ಅರಬರು ಮಂಜನೀಕ್ ಎಂದು ಕರೆದರು. ಸಿಂಧ್‌ನ ದೇಬಲ್ ಬಂದರಿಗೆ ಅರಬ್ ಸೇನಾಪತಿ ಮುಹಮ್ಮದ್ ಬಿನ್ ಕಾಸಿಂ ಮುತ್ತಿಗೆ ಹಾಕಿದಾಗ ತಂದ ದೊಡ್ಡ ಮಂಜನೀಕ್‌ನ ಹೆಸರು "ಮದುಮಗಳು". ಅದನ್ನು ನಡೆಸಲು 500 ಜನ ಬೇಕಾಗುತ್ತಿತ್ತು ಎಂದು ಅರಬ್ ಇತಿಹಾಸಕಾರ ಬಲಾದುರಿ ಬರೆದಿದ್ದಾನೆ. ಅದು 8ನೇ ಶತಮಾನದ ಆರಂಭ. ಜನರ ಬದಲು ಭಾರ ಕಟ್ಟುವ ಯಂತ್ರ ಮೆಡಿಟರೇನಿಯನ್ ಸುತ್ತಮುತ್ತ 12ನೇ ಶತಮಾನದಲ್ಲಿ ಕಾಣಿಸಿಕೊಳ್ಳುತ್ತದೆ. ಈಜಿಪ್ಟ್ ಮತ್ತು ಸಿರಿಯಾದ ಸುಲ್ತಾನ ಸಲಾದಿನ್‌ಗಾಗಿ ಆಯುಧಗಳ ಬಗ್ಗೆ ಪುಸ್ತಕ ಬರೆದ ತರ್ಸೂಸಿ ಅದನ್ನು ವಿವರಿಸಿದ್ದಾನೆ. ಇಲ್ಲಿಂದ ಕಥೆ ತಿರುಗುತ್ತದೆ. ಮಂಗೋಲ್ ದೊರೆ ಕುಬ್ಲಾಯಿ ಖಾನ್‌ನ ಸೈನ್ಯ ಚೀನಾದ ಶಿಯಾಂಗ್‌ಯಾಂಗ್ ಕೋಟೆಯ ಮುಂದೆ ವರ್ಷಗಟ್ಟಲೆ ಕೂತಿತ್ತು. ಪಶ್ಚಿಮದಿಂದ ಬಂದ ಮುಸ್ಲಿಂ ಕುಶಲಿಗರು ಭಾರದ ಯಂತ್ರ ಕಟ್ಟಿಕೊಟ್ಟ ಮೇಲೆ 1273ರಲ್ಲಿ ಆ ಊರು ಶರಣಾಯಿತು. ಚೀನಾದಿಂದ ಹೋದ ವಿದ್ಯೆ ಬೆಳೆದು ದೊಡ್ಡದಾಗಿ ಚೀನಾಕ್ಕೇ ಮರಳಿತು. ಯುರೋಪಿನ ಕಥೆಗಳು ಇದರ ಒಂದು ತುಂಡು ಮಾತ್ರ.

ಭಾರತದಲ್ಲಿ ದೆಹಲಿ ಸುಲ್ತಾನರ ಕಾಲದಲ್ಲಿ ಇದಕ್ಕೆ ಮಗ್ರಿಬಿ ಎಂಬ ಹೆಸರೂ ಇತ್ತು. 1301ರ ರಣಥಂಬೋರ್ ಮುತ್ತಿಗೆಯಲ್ಲಿ ಎರಡೂ ಕಡೆಯವರು ಕಲ್ಲು ಎಸೆಯುತ್ತಿದ್ದರು. ಅಲಾವುದ್ದೀನ್ ಖಿಲ್ಜಿಯ ಸೇನಾಪತಿ ನುಸ್ರತ್ ಖಾನ್ ಸತ್ತದ್ದು ಕೋಟೆಯೊಳಗಿಂದ ಬಂದ ಅಂಥ ಒಂದು ಕಲ್ಲಿನ ಏಟಿಗೆ. ಯಂತ್ರ ಮುತ್ತಿಗೆ ಹಾಕಿದವರ ಸ್ವತ್ತು ಮಾತ್ರ ಅಲ್ಲ ಎಂದು ತೋರಿಸಲು ಇದು ಒಳ್ಳೆಯ ಉದಾಹರಣೆ.

ಕನ್ನಡದಲ್ಲೂ ಇದಕ್ಕೆ ಪದ ಇದೆ. ಡೆಂಕಣಿ. ಕೋಟೆಯ ಮೇಲಿಂದ ಕಲ್ಲೆಸೆಯುವ ಯಂತ್ರ. ಹಿಂದಿಯಲ್ಲಿ ನೀರೆತ್ತುವ ಏತಕ್ಕೆ ಢೇಂಕಲಿ ಅನ್ನುತ್ತಾರೆ. ಎರಡನ್ನೂ ಗಟ್ಟಿಯಾಗಿ ಹೇಳಿ ನೋಡಿ. ನಿಮ್ಮ ಮನೆಯಿಂದ ಚಾಮರಾಜಪೇಟೆ ಹತ್ತಿರ. ಸಾಹಿತ್ಯ ಪರಿಷತ್ತಿಗೆ ಹೋಗಿ ಅವರ ದೊಡ್ಡ ನಿಘಂಟಿನಲ್ಲಿ ಡೆಂಕಣಿ, ಏತ, ಕವಣೆ ಮೂರನ್ನೂ ತೆಗೆದು, ಯಾವ ಕಾವ್ಯದ ಯಾವ ಸಾಲಿನಲ್ಲಿ ಬಂದಿವೆ ಎಂದು ಬರೆದುಕೊಳ್ಳಿ. ಇಂಟರ್‌ನೆಟ್ಟಿನಲ್ಲಿ ಸುಮ್ನೆ ಹುಡುಕಿದರೆ ಇದು ಸಿಗುವುದಿಲ್ಲ. ಇತಿಹಾಸದ ಭಾಗ ನಿಮ್ಮದೇ ಆಗಬೇಕಾದರೆ ಈ ಒಂದು ದಿನದ ಕೆಲಸ ಮಾಡಲೇಬೇಕು.

ಕೋಟೆ ಬೀಳಿಸಲು ಯಾವಾಗಲೂ ಯಂತ್ರವೇ ಬೇಕು ಎಂದೂ ಇಲ್ಲ. 1520ರಲ್ಲಿ ಕೃಷ್ಣದೇವರಾಯ ರಾಯಚೂರಿಗೆ ಮುತ್ತಿಗೆ ಹಾಕಿದಾಗ ಸೈನಿಕರು ಹಾರೆ ಗುದ್ದಲಿ ಹಿಡಿದು ಗೋಡೆಯ ಕಲ್ಲನ್ನೇ ಕಿತ್ತರು. ಕಿತ್ತು ತಂದ ಕಲ್ಲಿನ ಗಾತ್ರ ನೋಡಿ ನಾಯಕರು ದುಡ್ಡು ಕೊಡುತ್ತಿದ್ದರು ಎಂದು ಪೋರ್ಚುಗೀಸ್ ವ್ಯಾಪಾರಿ ನೂನಿಸ್ ಬರೆದಿದ್ದಾನೆ. ಗೋಡೆಯ ಮೇಲಿನವರು ತಲೆ ಎತ್ತದ ಹಾಗೆ ಪೋರ್ಚುಗೀಸ್ ಬಂದೂಕುಗಾರರು ಕೆಳಗಿನಿಂದ ಹೊಡೆಯುತ್ತಿದ್ದರು.

ಆ ಹೊತ್ತಿಗಾಗಲೇ ತೋಪಿನ ಕಾಲ. ಏತ ಯಾಕೆ ಸೋತಿತು ಎಂಬುದಕ್ಕೂ ನಿಮ್ಮ ಲೆಕ್ಕವೇ ಉತ್ತರ ಕೊಡುತ್ತದೆ. 100 ಕೆಜಿ ಕಲ್ಲು ಸೆಕೆಂಡಿಗೆ 50 ಮೀಟರ್ ವೇಗದಲ್ಲಿ ಹೊರಟಿತು ಎಂದಿಟ್ಟುಕೊಳ್ಳಿ. 1,25,000 ಜೂಲ್. 8 ಕೆಜಿ ಕಬ್ಬಿಣದ ಗುಂಡು 400 ಮೀಟರ್ ವೇಗದಲ್ಲಿ ಹೊರಟರೆ 6,40,000 ಜೂಲ್. ತೂಕ ಹನ್ನೆರಡನೇ ಒಂದು ಭಾಗ, ಶಕ್ತಿ ಐದು ಪಟ್ಟು, ಅದೂ ಅಂಗೈ ಅಗಲದ ಜಾಗದ ಮೇಲೆ.

ಅದರ ಗುರುತು ನೋಡಲು ದೂರ ಹೋಗಬೇಕಿಲ್ಲ. ಒಂದು ಭಾನುವಾರ ಬೆಳಿಗ್ಗೆ ಕೆ.ಆರ್. ಮಾರ್ಕೆಟ್ ಪಕ್ಕದ ಕೋಟೆಗೆ ಹೋಗಿ. ಕೆಂಪೇಗೌಡರ ಮಣ್ಣಿನ ಕೋಟೆಯನ್ನು ಹೈದರ್ ಅಲಿ 1761ರಲ್ಲಿ ಕಲ್ಲಿನಲ್ಲಿ ಕಟ್ಟಿಸಿದ. ಈಗ ಉಳಿದಿರುವುದು ಡೆಲ್ಲಿ ಗೇಟ್ ಮತ್ತು ಅದರ ಸುತ್ತಲಿನ ಸ್ವಲ್ಪ ಭಾಗ. 1791ರ ಮಾರ್ಚ್ 21ರಂದು ಕಾರ್ನ್‌ವಾಲಿಸ್‌ನ ಬ್ರಿಟಿಷ್ ಸೈನ್ಯ ತೋಪಿನಿಂದ ಒಡೆದ ಬಿರುಕಿನ ಮೂಲಕ ಒಳಗೆ ನುಗ್ಗಿತು. ಕೋಟೆಯ ಕಿಲ್ಲೇದಾರ ಬಹದ್ದೂರ್ ಖಾನ್ ಹೋರಾಡುತ್ತಲೇ ಸತ್ತ. ಬಿರುಕು ಬಿದ್ದ ಜಾಗದ ಹತ್ತಿರ ಕಲ್ಲಿನ ಫಲಕ ಇದೆ. ಅಲ್ಲಿ ನಿಂತು ಗೋಡೆಯ ಕಲ್ಲುಗಳನ್ನು ನೋಡಿ. ಎಷ್ಟು ದೊಡ್ಡವು, ಹೇಗೆ ಕೂರಿಸಿದ್ದಾರೆ, ನಿಮ್ಮ ಏತ ಎಷ್ಟು ದೊಡ್ಡದಾಗಿದ್ದರೆ ಇದನ್ನು ಅಲುಗಿಸಬಹುದಿತ್ತು ಎಂದು ಅಲ್ಲೇ ಕೂತು ಲೆಕ್ಕ ಹಾಕಿ.

ಕೊನೆಗೆ ಒಂದು ಮಾತು, ಇದನ್ನು ಓದದೆ ಬಿಡಬೇಡಿ. ವರ್ಷಗಳ ಹಿಂದೆ ನಾನು ಪಾಠ ಮಾಡುತ್ತಿದ್ದ ಕಾಲೇಜಿನ ಮೈದಾನದಲ್ಲಿ ಇಂಥದೇ ಯಂತ್ರ ಎಸೆಯುತ್ತಿದ್ದೆವು. ಜೋಲಿಯ ಕುಣಿಕೆ ಮೊದಲೇ ಕಳಚಿ ಚೆಂಡು ಹಿಂದಕ್ಕೆ ಹಾರಿತು. ಹಿಂದೆ ನಿಂತಿದ್ದ ಹುಡುಗನ ಕನ್ನಡಕ ಒಡೆದು ಹುಬ್ಬಿನ ಮೇಲೆ ಮೂರು ಹೊಲಿಗೆ ಬಿತ್ತು. ಅಲ್ಲಿ ನಿಲ್ಲಲು ಹೇಳಿದವನು ನಾನು. ಅವತ್ತಿನಿಂದ ಯಂತ್ರದ ಮುಂದೆಯೂ ಹಿಂದೆಯೂ ಯಾರನ್ನೂ ಬಿಟ್ಟಿಲ್ಲ, ಪಕ್ಕದಲ್ಲಿ ಮಾತ್ರ. ನಿಮ್ಮ ವಿಡಿಯೊದಲ್ಲಿ ಒಬ್ಬರು ಸರಿಯಾಗಿ ಹಿಂದೆ ನಿಂತು ಫೋನ್ ಹಿಡಿದಿದ್ದಾರೆ. ಫೋನನ್ನು ಪಕ್ಕಕ್ಕೆ, ಹತ್ತು ಹೆಜ್ಜೆ ದೂರದಲ್ಲಿ ಸ್ಟ್ಯಾಂಡಿನ ಮೇಲೆ ಇಡಿ. ಅಲ್ಲಿಂದಲೇ ಅಳತೆಯೂ ಸರಿಯಾಗಿ ಸಿಗುವುದು. ಡಬ್ಬ ಮೇಲಿದ್ದಾಗ ತಡೆಯ ಕಂಬಿ ಹಾಕದೆ ಯಾರೂ ದಿಮ್ಮಿಯ ಕೆಳಗೆ ಕೈ ಹಾಕಬಾರದು. ಈಗ ಚೆಂಡಿನ ದೂರ ಹೆಚ್ಚಾಗುತ್ತದೆ, ಹಾಗಾಗಿ ಮೈದಾನವೂ ದೊಡ್ಡದು ಬೇಕು.

ಡಬ್ಬ ತೂಗುಬಿಟ್ಟ ಮೇಲಿನ ಮೊದಲ ಹತ್ತು ಎಸೆತದ ವಿಡಿಯೊ ಕಳಿಸಿ. ನೋಡುವಾಗ ಚೆಂಡಿನ ಹಿಂದೆ ಕಣ್ಣು ಓಡಿಸಬೇಡಿ. ಚೆಂಡು ಬಿಡುವ ಫ್ರೇಮಿನಲ್ಲಿ ಡಬ್ಬ ಏನು ಮಾಡುತ್ತಿದೆ ಎಂದು ಮೊದಲು ನೋಡಿ, ಅದನ್ನು ನನಗೆ ಬರೆಯಿರಿ.